ಮುಚ್ಚಳ ತೆರೆದಿಟ್ಟ ಐದು ನಿಮಿಷ

ಬೇಲಿ ಹಾರಿ ಬಂದವನು ಕೋರಾಳ ತೋಳು ಹಿಡಿದು ಹಿಂದಕ್ಕೆ ಎಳೆದ. ಅಷ್ಟರಲ್ಲಿ ಅವಳ ಹೆಬ್ಬೆರಳು ಹಿತ್ತಲಿನ ಗ್ಯಾಸ್ ಗ್ರಿಲ್ ಒಲೆಯ ಕಿಡಿ ಹಾರಿಸುವ ಗುಂಡಿಯನ್ನು ಮೂರನೇ ಸಲ ಒತ್ತಿಯಾಗಿತ್ತು.

ಧಡ್!

ಒಲೆಯ ಮುಚ್ಚಳ ತಾನಾಗಿ ಎಗರಿ ತೆರೆದುಕೊಂಡಿತು. ಬೆಂಕಿಯ ಉಂಡೆಯೊಂದು, ಅವಳ ಮುಖ ಇದ್ದ ಜಾಗದಲ್ಲೇ ಹಾದು ಮೇಲೆ ಹೋಯಿತು. ಮನೆಯ ಹಿಂಗೋಡೆಗೆ ಹೊದಿಸಿದ್ದ ಪ್ಲಾಸ್ಟಿಕ್ ಹಲಗೆ ಬಿಸಿಗೆ ಜೋತುಬಿತ್ತು.

ಕೋರಾ ಹುಲ್ಲಿನ ಮೇಲೆ ಬಿದ್ದಿದ್ದಳು. ಸುಟ್ಟ ಕೂದಲಿನ ವಾಸನೆ... ತನ್ನದೇ ಕೂದಲು!

ಬಂದವನು ಪಕ್ಕದ ಮನೆಯ ವೆಂಡೆಲ್. ಅವನು ಅವಳನ್ನು ಎಬ್ಬಿಸಲಿಲ್ಲ. ಮೊದಲು ಸಿಲಿಂಡರಿನ ತಿರುಪು ಮುಚ್ಚಿದ.

ಎರಡು ವಾರದ ಹಿಂದೆ ಇದೇ ವೆಂಡೆಲ್, ತಾನು ಕೆಲಸ ಮಾಡುವ ಅಂಗಡಿಯಲ್ಲಿ, ಸಾಲಿನಲ್ಲಿ ನಿಂತವರೆಲ್ಲರ ಎದುರು ಅವಳ ಸಿಲಿಂಡರ್ ತುಂಬಿಸಲು ಒಪ್ಪಿರಲಿಲ್ಲ. ಹಿಡಿಯ ಮೇಲಿನ ತಯಾರಿಕೆಯ ದಿನಾಂಕಕ್ಕೆ ಹನ್ನೆರಡು ವರ್ಷ ದಾಟಿದೆ, ತುಂಬಿಸುವಂತಿಲ್ಲ, ಇದು ಇನ್ನು ಕಸ ಎಂದಿದ್ದ. ಚಳಿಗಾಲದಲ್ಲಿ ತೀರಿಕೊಂಡ ಅಪ್ಪನ ಸಿಲಿಂಡರ್ ಅದು. ಅಪ್ಪನ ಸಾಮಾನನ್ನೇ ಕಸ ಎಂದನಲ್ಲ ಎಂದು ಅವಳು ಉರಿದುಹೋಗಿದ್ದಳು. ಬೇರೆ ಕಡೆಯಿಂದ ಹೊಸದು ತಂದ ಮೇಲೆ ಬೇಲಿಯಾಚೆ ಕಣ್ಣೆತ್ತಿ ನೋಡಿರಲಿಲ್ಲ.

ಇಂದು ಮೇ ತಿಂಗಳ ಕೊನೆಯ ಸೋಮವಾರ, ಎಲ್ಲರೂ ಹೊರಗೆ ಗ್ರಿಲ್ ಹಚ್ಚುವ ರಜೆಯ ದಿನ. ಅಮೆರಿಕದ ವಿಸ್ಕಾನ್ಸಿನ್‌ನ ಆ ಬೀದಿಯ ಪ್ರತಿ ಹಿತ್ತಲಲ್ಲೂ ಹೊಗೆ. ಅಪ್ಪನಿಲ್ಲದ ಒಲೆಯನ್ನು ಮಾರಿಬಿಡೋಣ ಎಂದು ತಾಯಿ ಮಾರ್ಲಿಸ್ ಪಟ್ಟು ಹಿಡಿದಿದ್ದಳು. ನಾನೇ ಹಚ್ಚಿ ತೋರಿಸುತ್ತೇನೆ, ಆಗದಿದ್ದರೆ ಮಾರು ಎಂದಿದ್ದಳು ಕೋರಾ.

ಈಗ ಮಾರ್ಲಿಸ್, ಬಿಯರಿನಲ್ಲಿ ಬೇಯಿಸಿದ ಸಾಸೇಜಿನ ತಟ್ಟೆ ಹಿಡಿದು ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು.

"ಮುಚ್ಚಳ ಹಾಕ್ಕೊಂಡು ಯಾರಾದ್ರೂ ಗ್ಯಾಸ್ ಬಿಡ್ತಾರೇನ್ರೀ?" ವೆಂಡೆಲ್ ಗದರಿದ.

"ಅಪ್ಪ ಯಾವಾಗ್ಲೂ ಮುಚ್ಚೇ ಇಡ್ತಿದ್ರು. ತೆಗೆದ್ರೆ ಬೈತಿದ್ರು."

"ಅದು ಬೇಯಿಸೋವಾಗ. ಹಚ್ಚೋವಾಗ ಮುಚ್ಚಿದ್ರೆ ಗ್ಯಾಸ್ ಒಳಗೇ ತುಂಬ್ಕೊಳ್ಳುತ್ತೆ."

ಅಪ್ಪ ಹಚ್ಚುವುದನ್ನು ಅವಳು ನೋಡಿಯೇ ಇರಲಿಲ್ಲ. ರಜೆಯ ದಿನ ಅವಳು ಹಾಸಿಗೆ ಬಿಟ್ಟು ಬರುವಷ್ಟರಲ್ಲಿ ಒಲೆ ಉರಿಯುತ್ತಿತ್ತು. ಇಪ್ಪತ್ತೇಳು ವರ್ಷ ಅವಳು ಕಂಡದ್ದು ಮುಚ್ಚಿದ ಮುಚ್ಚಳವನ್ನಷ್ಟೇ... ಅದು ಹೊಳೆದಾಗ ಅವಳಿಗೆ ಅಳು ಬಂತು.

ವೆಂಡೆಲ್ ಪಕ್ಕದಲ್ಲೇ ಕುಳಿತ. ಉಳಿದ ಗ್ಯಾಸ್ ಹೋಗಲಿ, ಐದು ನಿಮಿಷ ಯಾರೂ ಮುಟ್ಟಬಾರದು ಎಂದ. ಆಮೇಲೆ ಗೋಡೆಯಿಂದ ಹತ್ತಡಿ ಆಚೆ ತಳ್ಳಿ, ಸೋಪುನೀರು ಸವರಿ, ಕೊಳವೆ ಸೋರುತ್ತದೆಯೇ ನೋಡಬೇಕು.

"ಆವತ್ತು ಎಲ್ಲರ ಮುಂದೆ ಅವಮಾನ ಮಾಡಿದ್ರಿ," ಎಂದಳು ಕೋರಾ.

"ಹೌದು. ಹೇಳಿದ್ದು ತಪ್ಪಲ್ಲ, ಹೇಳಿದ ರೀತಿ ತಪ್ಪು. ಕ್ಷಮೆ ಕೇಳೋಣ ಅಂತ ಮೂರು ಸಲ ನಿಮ್ಮ ಬಾಗಿಲ ತನಕ ಬಂದು ವಾಪಸ್ ಹೋದೆ."

"ಇವತ್ತು ಬೇಲಿ ಹಾರೋಕೆ ಧೈರ್ಯ ಬಂತಾ?"

"ಕಿಡಿ ಸದ್ದು ಎರಡು ಸಲ ಕೇಳ್ತು. ನೋಡಿದ್ರೆ ಮುಚ್ಚಳ ಹಾಕಿತ್ತು." ಅವನು ಹುಲ್ಲಿನ ಎಳೆಯೊಂದನ್ನು ಕಿತ್ತ. "ನೀವಂದ್ರೆ ನನಗಿಷ್ಟ ಅಂತ ಹೇಳೋ ಮುಂಚೇನೇ ನೀವು ಹೋಗ್ಬಿಡ್ತೀರಿ ಅನ್ನಿಸ್ತು."

ಕೋರಾ ಬೆಚ್ಚಿ ನೋಡಿದಳು. ಆಮೇಲೆ ಅವನ ಕೈಯತ್ತ ತನ್ನ ಕೈ ಚಾಚಿ ಅದನ್ನು ಹಿಡಿದುಕೊಂಡಳು.

ಸಾಸೇಜನ್ನು ಒಳಗೇ ಹುರಿಯಲೇ ಎಂದು ಮಾರ್ಲಿಸ್ ಮೆಲ್ಲಗೆ ಕೇಳಿದಳು.

"ಬೇಡಮ್ಮ. ನಾನೇ ಹಚ್ತೀನಿ, ಇವರು ತೋರಿಸ್ಕೊಡ್ತಾರೆ."

ಇಬ್ಬರೂ ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳು ಅವನ ಗಡಿಯಾರ ನೋಡಿದಳು.

"ಒಂಬತ್ತು ನಿಮಿಷ ಆಯ್ತು."

"ಗೊತ್ತು," ಎಂದ ಅವನು, ಕೈ ಬಿಡದೆ.