ಇರಜ್ ಕಟ್ಟುವ ಗಂಟು

ಹಿಮ ಕುಸಿಯುವ ಇಳಿಜಾರಿಗೆ ಯಾರೂ ಹೋಗದಂತೆ ಹಗ್ಗ ಕಟ್ಟುವುದು ನನ್ನ ಮತ್ತು ಇರಜ್‌ನ ಕೆಲಸವಾಗಿತ್ತು. ಹೋದ ಚಳಿಗಾಲ ಆ ಹಗ್ಗದಡಿ ನುಸುಳಿದ ತೆಹರಾನಿನ ಇಬ್ಬರು ಸ್ಕೀ ಶೋಕಿಲಾಲರನ್ನು ಕರೆತರಲು ಹೋಗಿ ಇರಜ್ ಹಿಮದಡಿ ಹೂತುಹೋದ. ಅವರು ಬದುಕಿ ಬಂದು ಚಹಾ ಕುಡಿದರು. ಇವನ ಹೆಣವೂ ಸಿಗಲಿಲ್ಲ.

ಈ ವರ್ಷ, ಜನ ಸಂಜೆ ಬಿಚ್ಚಿ ಎಸೆದ ಹಗ್ಗ ಬೆಳಗ್ಗೆ ಕಟ್ಟಿಯೇ ಇರುತ್ತದೆ. ಹಗ್ಗ ಹೆಪ್ಪುಗಟ್ಟಿ ಕೋಲಿನಂತಿದ್ದರೂ ಗಂಟು ಮಾತ್ರ ಬೆಚ್ಚಗಿರುತ್ತದೆ.

ನಿನ್ನೆ ಅದೇ ಇಬ್ಬರು ಬಂದರು.

“ಎತ್ತೋ ಹಗ್ಗ! ಬೆಟ್ಟ ಏನ್ ನಿಮ್ಮಪ್ಪಂದಾ?”

“ಕಟ್ಟಿದ್ದು ನಾನಲ್ಲ ಸಾಹೇಬ್ರೆ. ಗಂಟು ಯಾವ ಕಡೆಗಿದೆ ನೋಡಿ.”

ಗಂಟು ಇಳಿಜಾರಿನ ಕಡೆಗಿತ್ತು. ಅಲ್ಲಿನ ಹಿಮದ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಅವರು ನಕ್ಕು ನುಸುಳಿದರು, ಸುಖವಾಗಿ ಮರಳಿದರು. “ನಾಳೇನೂ ಬರ್ತೀವಿ” ಎಂದರು.

ಇಂದು ಬೆಳಗ್ಗೆ ಹಗ್ಗವನ್ನು ಯಾರೋ ಬಿಚ್ಚಿ, ಅಂದವಾಗಿ ಸುತ್ತಿ, ದಾರಿಯಿಂದ ಬದಿಗಿಟ್ಟಿದ್ದರು. ಮುಟ್ಟಿ ನೋಡಿದೆ. ಬೆಚ್ಚಗಿತ್ತು.