ಹಿಂತಿರುಗಿ ನೋಡುವ ಗೊಂಬೆ

“ಬಾಗಿಲು ಹಾಕ್ತೀನಿ, ಕಾಲು ತೆಗೀರಿ.”

ಆತ ಕಾಲು ತೆಗೆಯಲಿಲ್ಲ. ಬೇಕೆಂದು ಇಟ್ಟದ್ದೂ ಅಲ್ಲ; ಅವನ ಹೆಗಲ ಚೀಲದ ಪಟ್ಟಿ ಬಾಗಿಲ ಚಿಲಕಕ್ಕೆ ಸಿಕ್ಕಿಕೊಂಡಿತ್ತು. ಮೇಲಿನ ಮಹಡಿಯ ಮಬ್ಬು ಮೆಟ್ಟಿಲ ತುದಿಯಲ್ಲಿ ಇಬ್ಬರೂ ಅದನ್ನು ಎಳೆದಾಡಿದರು. ಅವನ ಉಸಿರು ಅವಳ ಮುಂಗೈಗೆ ತಾಗುವಷ್ಟು ಹತ್ತಿರ. ಅವಳಿಗೆ ವಿಪರೀತ ಸಿಟ್ಟು ಬಂತು. ಅಷ್ಟು ಸಿಟ್ಟು ಯಾಕೆ ಬಂತೆಂದು ಆಮೇಲೆ ಎಷ್ಟೋ ಸಲ ಯೋಚಿಸಿದಳು.

ಬಂದ ಕೆಲಸವನ್ನು ಆತ ಆಗಲೇ ಹೇಳಿದ್ದ. ಕಂಪ್ಯೂಟರ್ ಆಟಗಳು ಕ್ಯಾಸೆಟ್ಟಿನಲ್ಲಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಅವನ್ನು ಬರೆದವರ ನೆನಪುಗಳನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ ಇಡುವುದು. ಒಂದು ಸಣ್ಣ ಸಂಗ್ರಹಾಲಯ ಅವನನ್ನು ಅದಕ್ಕೆಂದೇ ನೇಮಿಸಿಕೊಂಡಿತ್ತು. ಅವಳ ಅಪ್ಪ ಅಂಥದ್ದೊಂದು ಆಟ ಬರೆದವರು.

“ತಡವಾಗಿ ಬಂದಿದ್ದೀರಿ,” ಎಂದಳು. “ಅಪ್ಪಂಗೆ ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ. ಇನ್ನು ನಿಮ್ಮ ಆಟ...”

ಒಳಗೆ ಕುರ್ಚಿ ಸರಿದ ಸದ್ದಾಯಿತು. “ಯಾರೇ ಅದು? ಯಾವ ಆಟದ ಮಾತು?”

ಅಪ್ಪ ತಾವಾಗಿಯೇ ಒಂದು ಪ್ರಶ್ನೆ ಕೇಳಿ ಎಷ್ಟು ಕಾಲವಾಗಿತ್ತೋ. ಅವಳು ಪಟ್ಟಿ ಬಿಡಿಸಿ ದಾರಿ ಬಿಟ್ಟಳು.

ಅಂದಿನಿಂದ ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ರಜೆ ಇರುವ ದಿನವೆಲ್ಲ ಆತ ಬರತೊಡಗಿದ. ಅಪ್ಪ ಅವನಿಗೆ ‘ಟೇಪು’ ಎಂದು ಹೆಸರಿಟ್ಟರು. ಅವನ ರೆಕಾರ್ಡರಿನಲ್ಲಿ ಟೇಪೇ ಇರುವುದಿಲ್ಲವೆಂದು ಅವಳು ತಿಳಿಸಿ ಹೇಳಿದರೂ ಕೇಳಲಿಲ್ಲ. “ಟೇಪು ಬಂದ್ನಾ? ಕೂರಿಸು,” ಎನ್ನುವರು.

ಮೊದಲ ದಿನವೇ ಟೇಪು ತನ್ನ ಕೆಲಸದ ನಿಯಮ ಹೇಳಿದ್ದ. ಒಮ್ಮೆ ಶುರುವಾದ ರೆಕಾರ್ಡರನ್ನು ನಡುವೆ ನಿಲ್ಲಿಸುವುದಿಲ್ಲ. ಕೆಮ್ಮು, ಮೌನ, ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದು, ಏನನ್ನೂ ಕತ್ತರಿಸುವುದಿಲ್ಲ. ತಾನೂ ‘ಹೂಂ’ ಎನ್ನದೆ ಬರೀ ತಲೆಯಾಡಿಸುತ್ತಿದ್ದ.

ಅವಳು ಅಡುಗೆಮನೆಯಲ್ಲಿ ನಿಂತು ಕೇಳುವಳು. ಅಪ್ಪನ ಆಟದಲ್ಲಿ ಸುರಂಗದೊಳಗೆ ಬಾಗಿಲು ಹುಡುಕುತ್ತ ಹೋಗುವ ಒಂದು ಪುಟ್ಟ ಗೊಂಬೆ. ಅದು ಕಾಲೆಳೆದುಕೊಂಡು ನಡೆಯುತ್ತಿತ್ತು. ನಾಲ್ಕು ಹೆಜ್ಜೆಗೊಮ್ಮೆ ನಿಂತು ಹಿಂದೆ ತಿರುಗಿ ನೋಡುತ್ತಿತ್ತು. ಹಿಂದೆ ಯಾರೂ ಇರುತ್ತಿರಲಿಲ್ಲ. ಆಡುವವರು ಅದಕ್ಕೆ ‘ಸೋಮಾರಿ’ ಎಂದು ಅಡ್ಡಹೆಸರಿಟ್ಟಿದ್ದರಂತೆ.

ಯಾಕೆ ಹಾಗೆ ನಡೆಯುತ್ತದೆ ಎಂದು ಟೇಪು ಕೇಳಿದ್ದಕ್ಕೆ ಅಪ್ಪ ನಕ್ಕರು. “ಮೆಮೊರಿ ಎಲ್ಲಪ್ಪಾ ಇತ್ತು ಆಗ? ಹೊಸದೊಂದು ಸೇರಿಸ್ಬೇಕು ಅಂದ್ರೆ ಹಳೇದೊಂದು ಕಿತ್ತು ಹಾಕ್ಬೇಕು. ನಡಿಗೆಗೆ ಎರಡೇ ಚಿತ್ರಕ್ಕೆ ಜಾಗ ಉಳಿದಿದ್ದು.”

ಕಿತ್ತು ಹಾಕಿದ್ದನ್ನೆಲ್ಲ ಅಪ್ಪ ಸಾಲುಸಾಲಾಗಿ ಹೇಳಬಲ್ಲವರಾಗಿದ್ದರು. ಅಮ್ಮ ತೀರಿಹೋದದ್ದು ಮಾತ್ರ ಅವರಿಗೆ ದಿನಾ ಹೊಸದು.

ಅವಳನ್ನು ಈಚೆಗೆ ಹೆಸರು ಹಿಡಿದು ಕರೆಯುತ್ತಿರಲಿಲ್ಲ. “ಏ ಇವಳೇ, ನೀರು ಕೊಡು,” “ಇವಳೇ, ದೀಪ ಹಾಕು.” ಮುದ್ದಿಗೆ ಎಂದುಕೊಂಡಿದ್ದಳು. ಹಾಗಂದುಕೊಂಡೇ ದಿನ ತಳ್ಳಿದ್ದಳು.

ಆದರೂ ಒಳಗೊಳಗೇ ಉರಿ. ತನಗೆ ಒಂದು ದಿನವೂ ಹೇಳದ ಮಾತುಗಳು ಯಾರೋ ಟೇಪಿನ ಮುಂದೆ ಹರಿದು ಬರುತ್ತವಲ್ಲ! ಆ ಉರಿ ಯಾವಾಗ ಬೇರೇನೋ ಆಯಿತೆಂದು ಅವಳಿಗೆ ಗೊತ್ತಾಗಲಿಲ್ಲ. ಆತ ಹೋಗುವಾಗ ಚಹಾದ ಲೋಟ ತಾನೇ ತೊಳೆದಿಡುತ್ತಿದ್ದ. ಕೆಟ್ಟು ಎಷ್ಟೋ ಕಾಲವಾಗಿದ್ದ ಮೆಟ್ಟಿಲ ಬಲ್ಬು ಬದಲಿಸಿದ್ದ. ಒಂದು ಸಂಜೆ ಕನ್ನಡಕ ಸಡಿಲವಾಗಿದೆ ಎಂದ. ಅವಳು ಅದನ್ನು ಬಿಗಿ ಮಾಡಿ ಅವನ ಕಿವಿಗೆ ಸಿಕ್ಕಿಸಿದಾಗ ಅವಳ ಕೈ ಬೇಕಾದ್ದಕ್ಕಿಂತ ಕೊಂಚ ಹೆಚ್ಚು ಹೊತ್ತು ಅಲ್ಲೇ ಇತ್ತು; ಆತನೂ ತಲೆ ಸರಿಸಲಿಲ್ಲ.

ಇಬ್ಬರೂ ಏನನ್ನೂ ಹೇಳಿಕೊಳ್ಳುವ ಮೊದಲೇ ಅಪ್ಪ ತೀರಿಹೋದರು. ಬಂದವರೆಲ್ಲ ಹೋದ ಮೇಲೂ ಆತ ಮೆಟ್ಟಿಲ ಮೇಲೆ ಕೂತೇ ಇದ್ದ.

ಕೆಲವು ದಿನಗಳ ನಂತರ ರೆಕಾರ್ಡಿಂಗುಗಳ ಪ್ರತಿ ತಂದುಕೊಟ್ಟ. ಅವಳು ಖಾಲಿ ಮನೆಯಲ್ಲಿ ಅಪ್ಪನ ಕುರ್ಚಿಯಲ್ಲೇ ಕೂತು, ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಎಲ್ಲದರಲ್ಲೂ ಒಂದನ್ನೇ ಹುಡುಕಿದಳು: ಅಪ್ಪ ನನ್ನ ಮಾತು ಎತ್ತಿದ್ದಾರಾ? ಕೊನೆಯದರಲ್ಲಿ, ಅವಳು ಔಷಧಿ ತರಲು ಹೋಗಿದ್ದ ದಿನದ್ದರಲ್ಲಿ, ಸಿಕ್ಕಿತು.

“ಆಗ ನನ್ನ ಮಗಳು ಇಷ್ಟೇ ಇದ್ಲು. ಅವಳು...”

ಕಟ್. ಮತ್ತೆ ಶುರುವಾದಾಗ ಅಪ್ಪ ಕ್ಯಾಸೆಟ್ಟಿನ ಬೆಲೆ ಹೇಳುತ್ತಿದ್ದರು.

ಅವಳು ಫೋನ್ ಮಾಡಿ ಕೇಳಿದಳು. ತಾನೇ ನಿಲ್ಲಿಸಿದ್ದೆಂದು ಆತ ಒಪ್ಪಿಕೊಂಡ. ಯಾಕೆಂದು ಮಾತ್ರ ಹೇಳಲಿಲ್ಲ. ಕೆಮ್ಮನ್ನೂ ಕತ್ತರಿಸದವನು ನನ್ನನ್ನು ಕತ್ತರಿಸಿದ ಎಂದುಕೊಂಡಳು. ಮಗಳ ಮಾತು ಇವನ ಸಂಗ್ರಹಕ್ಕೆ ಬೇಡವಾಗಿತ್ತು... ಆಮೇಲೆ ಅವನ ಫೋನ್ ಬಂದಾಗಲೆಲ್ಲ ಅದು ಸುಮ್ಮನಾಗುವವರೆಗೆ ನೋಡುತ್ತ ಕೂರುತ್ತಿದ್ದಳು.

ಚಳಿ ಹಿಡಿದ ಒಂದು ಬೂದು ಮಧ್ಯಾಹ್ನ ಅವಳೇ ಸಂಗ್ರಹಾಲಯಕ್ಕೆ ಹೋದಳು. ಕಿಟಕಿಯಿಲ್ಲದ ಕೋಣೆ, ತಂತಿಗಳ ರಾಶಿ, ಮೂಲೆಯಲ್ಲಿ ಒಂದು ಹಳೆಯ ಟಿವಿ. ಅದರಲ್ಲಿ ಅಪ್ಪನ ಆಟ ಓಡುತ್ತಿತ್ತು. ಆತ ಬಡವಾಗಿದ್ದ. ಕನ್ನಡಕ ಮತ್ತೆ ಸಡಿಲವಾಗಿತ್ತು.

ಅರ್ಧ ಮುಚ್ಚಿಟ್ಟದ್ದನ್ನು ಅಪ್ಪನ ನೆನಪು ಅಂತ ಊರಿಗೆಲ್ಲ ಕೇಳಿಸುವುದು ಬೇಡ ಎಂದಳು. ಒಂದೋ ಅಲ್ಲಿ ಏನಿತ್ತೆಂದು ಹೇಳಿ, ಇಲ್ಲವೋ ಅಷ್ಟನ್ನೂ ಅಳಿಸಿಹಾಕಿ.

ಆತ ಕಂಪ್ಯೂಟರಿನ ಮುಂದೆ ಕೂತು ಅಪ್ಪನ ರೆಕಾರ್ಡಿಂಗುಗಳನ್ನೆಲ್ಲ ಒಟ್ಟಿಗೆ ಆರಿಸಿದ. ಅಳಿಸಲೇ ಎಂದು ಪರದೆ ಕೇಳಿತು. ಅವನ ಬೆರಳು ‘ಹೌದು’ ಎಂಬುದರತ್ತ ಸರಿಯಿತು.

ಅವಳು ಜಗಳಕ್ಕೆ ಸಿದ್ಧವಾಗಿ ಬಂದಿದ್ದಳು, ಇದಕ್ಕಲ್ಲ. ಇಷ್ಟು ದಿನದ ಕೆಲಸವನ್ನೇ ಬಿಟ್ಟುಕೊಡಲು ಹೊರಟಿದ್ದಾನೆ, ಬಾಯಿ ಮಾತ್ರ ಬಿಡುತ್ತಿಲ್ಲ!

ಅವನ ಕೈ ಹಿಡಿದಳು. “ಅಷ್ಟೊಂದು ಕೆಟ್ಟದ್ದಾ?”

“ಹೇಳಲ್ಲ ಅಂತ ಅವ್ರಿಗೆ ಮಾತು ಕೊಟ್ಟಿದ್ದೆ.”

“ಅವ್ರಿಲ್ಲ. ನಾನಿದ್ದೀನಿ.”

ಆತ ಕನ್ನಡಕ ತೆಗೆದಿಟ್ಟ. “ನಿಮ್ಮ ಹೆಸರು ಹೇಳೋಕೆ ಹೋದ್ರು. ಬರಲಿಲ್ಲ. ಮತ್ತೆ ಮತ್ತೆ ಪ್ರಯತ್ನಪಟ್ರು. ಆಮೇಲೆ ಅತ್ತುಬಿಟ್ರು. ಅದನ್ನ ಯಂತ್ರ ಕೇಳಿಸ್ಕೋಬಾರದು ಅನ್ನಿಸ್ತು. ನಿಲ್ಲಿಸಿದೆ. ಅವಳಿಗೆ ಗೊತ್ತಾಗ್ಬಾರದಪ್ಪಾ ಅಂದ್ರು.”

ಏ ಇವಳೇ. ಏ ಇವಳೇ. ಅವಳು ಹತ್ತಿರದ ಸ್ಟೂಲಿನ ಮೇಲೆ ಕೂತಳು. ಒಳಗೆ ಎಲ್ಲೋ ಗೊತ್ತಿದ್ದದ್ದೇ. ಗೊತ್ತಿದ್ದದ್ದು ಇಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ.

“ಅಷ್ಟೇ ಅಲ್ಲ,” ಎಂದ ಆತ. “ಆಮೇಲೆ ಎದ್ದು ನಿಂತ್ರು. ಹೆಸರು ಬೇಡ, ತೋರಿಸ್ತೀನಿ ನೋಡು ಅಂದ್ರು. ನನ್ನ ಶೂ ಕೇಳಿ ಹಾಕ್ಕೊಂಡ್ರು. ನೀವು ನಡಿಯೋಕೆ ಕಲಿತಾಗ ಅವ್ರ ಚಪ್ಪಲಿ ಬಿಟ್ಟು ಬೇರೇನೂ ಹಾಕ್ತಿರಲಿಲ್ವಂತೆ. ಹೀಗೆ ಎಳ್ಕೊಂಡು, ಎಳ್ಕೊಂಡು... ನಾಲ್ಕು ಹೆಜ್ಜೆಗೊಮ್ಮೆ ನಿಂತು, ಅಪ್ಪ ಇದ್ದಾರಾ ಅಂತ ಹಿಂದೆ ನೋಡ್ತಿದ್ರಂತೆ.”

ಅವಳು ಟಿವಿಯತ್ತ ತಿರುಗಿದಳು. ಗೊಂಬೆ ಕಾಲೆಳೆಯಿತು, ನಿಂತಿತು, ಹಿಂದೆ ನೋಡಿತು.

“ಜಾಗ ಇರಲಿಲ್ಲ ಅನ್ನೋದು ಅರ್ಧ ಮಾತ್ರ ನಿಜ,” ಎಂದ. “ಹಿಂದೆ ನೋಡೋ ಚಿತ್ರಕ್ಕೆ ಜಾಗ ಬೇಕು ಅಂತ ನಡಿಗೆಯ ಬೇರೆ ಚಿತ್ರಗಳನ್ನ ಅವ್ರೇ ಕಿತ್ತು ಹಾಕಿದ್ದು.”

ಅಪ್ಪ ಹೋದ ದಿನವೂ ಅಳದ ಅವಳು ಆ ಕೋಣೆಯಲ್ಲಿ ಬಿಕ್ಕಿ ಬಿಕ್ಕಿ ಅತ್ತಳು. ಆತ ಪರದೆಯ ಪ್ರಶ್ನೆಗೆ ಬೇಡವೆಂದು ಒತ್ತಿ, ಪಕ್ಕದಲ್ಲಿ ನೆಲದ ಮೇಲೇ ಕೂತ. ಈ ಸಲವೂ ‘ಹೂಂ’ ಎನ್ನಲಿಲ್ಲ.

ಅಳು ನಿಂತ ಮೇಲೆ ಅವಳು ಕೇಳಿದಳು, “ಹೇಗೆ ನಡೆದ್ರು? ತೋರಿಸಿ.”

“ನಂಗೆ ಬರಲ್ಲ.”

“ನೋಡಿದ್ದು ನೀವೊಬ್ರೇ.”

ಆತ ಎದ್ದ. ಶೂ ಲೇಸು ಬಿಚ್ಚಿ ಸಡಿಲ ಮಾಡಿಕೊಂಡ. ನರೆ ಬರತೊಡಗಿದ ಆ ಎತ್ತರದ ಗಂಡಸು ತಂತಿಗಳ ನಡುವೆ ತೋಳು ಅಗಲಿಸಿ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಎಳೆಯುತ್ತ ಗೋಡೆಯತ್ತ ನಡೆದ. ಕಿವಿ ಕೆಂಪಾಗಿತ್ತು. ಅವಳಿಗೆ ಅಳುವಿನ ಜೊತೆಗೇ ನಗು ಬಂತು.

ನಾಲ್ಕು ಹೆಜ್ಜೆ ಇಟ್ಟು ನಿಂತ. ಹಿಂತಿರುಗಿ ನೋಡಿದ.

ಅವಳು ಅಲ್ಲೇ, ಬೆನ್ನ ಹಿಂದೆಯೇ ಬಂದು ನಿಂತಿದ್ದಳು.

“ಎಂದಾದ್ರೂ ನೀನೂ ನನ್ನ ಹೆಸರು ಮರೆತರೆ?” ನೀವು ಎನ್ನುವುದು ಎಲ್ಲಿ ಬಿದ್ದುಹೋಯಿತೋ, ಇಬ್ಬರೂ ಹುಡುಕಲಿಲ್ಲ.

“ಮರೆತರೆ,” ಅವನು ಅವಳ ಕೈ ಹಿಡಿದುಕೊಂಡ, “ನಡೆದು ತೋರಿಸ್ತೀನಿ.”