ಒಂದು ಹನಿಯೂ ಸೋರಲಿಲ್ಲ

"ಇದು ಅಕ್ವೇರಿಯಂ ಅಲ್ಲ ಮೇಡಂ, ಜರಡಿ!"

ದಢ್ ಎಂದು ಕೌಂಟರಿನ ಮೇಲೆ ಬಂದು ಕೂತಿತು ಒಂದು ಪುಟ್ಟ ಅಕ್ರಿಲಿಕ್ ತೊಟ್ಟಿ. ಒಳಗೆ ಅರ್ಧದಷ್ಟು ನೀರು. ಆ ನೀರು ಒಂದು ಮೂಲೆಯಿಂದ ತೊಟತೊಟ ಇಳಿದು, ಯಾವುದೋ ಶಾಲೆಗೆ ಕಳಿಸಲು ಜೋಡಿಸಿಟ್ಟಿದ್ದ ಬಹುಮಾನದ ಫಲಕಗಳ ಡಬ್ಬಿಯತ್ತ ಹರಿಯತೊಡಗಿತು.

"ಅಯ್ಯೋ! ನೀರು ತುಂಬಿಕೊಂಡೇ ಬಂದಿದ್ದೀರಲ್ರೀ! ಸ್ವಲ್ಪವಾದ್ರೂ ಬುದ್ಧಿ ಬೇಡ್ವಾ?"

"ಖಾಲಿ ತಂದಿದ್ರೆ ನೀವು ನಂಬ್ತಿದ್ರಾ?"

ಕೌಂಟರಿನ ಹಿಂದಿದ್ದ ಅವಳು ಡಬ್ಬಿಯನ್ನು ಎತ್ತಿ ಎದೆಗವಚಿಕೊಂಡಳು. ವಯಸ್ಸು ಮೂವತ್ತು ದಾಟಿದ್ದರೂ ಅಮ್ಮನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ. ತಾಯಿ ಮಗಳು ಇಬ್ಬರೇ ಸೇರಿ ನಡೆಸುವ ಕಾರ್ಖಾನೆ ಅದು. ಕಾರ್ಖಾನೆ ಅಂದರೆ ಒಂದು ಉದ್ದನೆಯ ಕೋಣೆ, ಒಂದು ಕತ್ತರಿಸುವ ಯಂತ್ರ, ಗೋಡೆಗೆ ಒರಗಿಸಿಟ್ಟ ಅಕ್ರಿಲಿಕ್ ಹಾಳೆಗಳು, ಅಷ್ಟೇ. ನಾಮಫಲಕ ಮಾಡಿ ಉಳಿದ ತುಂಡುಗಳನ್ನು ಅಳತೆಗೆ ಕತ್ತರಿಸಿ, ಅಂಟಿನ ಬಾಟಲಿ ಜೊತೆಗಿಟ್ಟು, 'ನೀವೇ ಕಟ್ಟಿಕೊಳ್ಳಿ ಅಕ್ವೇರಿಯಂ' ಎಂದು ಮಾರುವ ಉಪಾಯ ಪುಟ್ಟಿಯದು. ಆ ಕಿಟ್ಟಿನ ಬಗ್ಗೆ ಯಾರಾದರೂ ಸೊಲ್ಲೆತ್ತಿದರೆ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು.

"ನೋಡಿ, ಇದನ್ನ ಶಾಲೆ ಮಕ್ಕಳು ಅಂಟಿಸ್ತಾರೆ. ಕಣ್ಣು ಮಂಜಾದ ಅಜ್ಜಂದಿರು ಅಂಟಿಸ್ತಾರೆ. ನೀವೇನು ಒಂದು ಕೈ ಜೇಬಲ್ಲಿ ಇಟ್ಕೊಂಡು ಅಂಟಿಸಿದ್ರಾ?"

ಆತ ತನ್ನ ಜೇಬಿನತ್ತ ನೋಡಿಕೊಂಡ.

ಆಗ ನೋಡಿದಳು ಪುಟ್ಟಿ. ಅವನ ಎಡಗೈ ನಿಜಕ್ಕೂ ಜೇಬಿನಲ್ಲಿತ್ತು! ತೊಟ್ಟಿಯನ್ನು ಅವನು ಬಲಗೈಯಲ್ಲೇ ಪಕ್ಕೆಗೆ ಒತ್ತಿಕೊಂಡು ತಂದಿದ್ದ. ಅಂಗಿಯ ಒಂದು ಬದಿ ಪೂರ್ತಿ ಒದ್ದೆ.

ಅವನು ಮೆಲ್ಲಗೆ ಎಡಗೈ ಹೊರಗೆ ತೆಗೆದು ಕೌಂಟರಿನ ಮೇಲಿಟ್ಟ. ಬೆರಳುಗಳು ಅರ್ಧ ಮಡಚಿದ್ದವು. ಗೆಣ್ಣುಗಳ ಮೇಲೆ ಉದ್ದನೆಯ ಗಾಯದ ಗುರುತು. ಇಟ್ಟ ಜಾಗದಲ್ಲೂ ಅದು ನಡುಗುತ್ತಿತ್ತು.

"ಕಿಟ್ಟಿನ ತಪ್ಪಲ್ಲ ಮೇಡಂ, ಇದರ ತಪ್ಪು. ಯಾರನ್ನಾದ್ರೂ ಬೈಬೇಕು ಅನ್ನಿಸ್ತು. ನೀವು ಸಿಕ್ಕಿದ್ರಿ. ಕ್ಷಮಿಸಿ."

ಪುಟ್ಟಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾಲಿಗೆಗೆ ಲಗಾಮಿಲ್ಲ ಎಂದು ಅಮ್ಮ ಬೈಯುವುದು ಸುಮ್ಮನೆಯೇ...? ಅವನು ಆಗಲೇ ಬಾಗಿಲು ದಾಟಿದ್ದ.

"ರೀ... ನಿಲ್ಲಿ! ಇಲ್ಲೇ ಕೂತು ಅಂಟಿಸ್ತೀರಾ? ನನ್ನ ಮೇಜಿನ ಮೇಲೆ? ನಾನು ಮುಟ್ಟಲ್ಲ. ಬರೀ ನೋಡ್ತೀನಿ."

ಅವನು ತಿರುಗಿದ. ಆ ಕಣ್ಣುಗಳಲ್ಲಿ ನಂಬಬೇಕೋ ಬೇಡವೋ ಎಂಬ ಅನುಮಾನವಿತ್ತು.

* * *

ಅವನು ಪಕ್ಕದ ಬೀದಿಯ ಟೈಲರ್ ಅಂಗಡಿಯ ಕಟಿಂಗ್ ಮಾಸ್ಟರ್. ಎಲ್ಲರಿಗೂ ಅವನು ಮಾಸ್ಟರ್ ಅಷ್ಟೇ. ಅಂಗಡಿ ಅವನದೇ, ಕತ್ತರಿ ಅವನದೇ, ಕೊನೆಗೆ ಎಡಗೈ ಮೇಲೆ ಬಿದ್ದ ಷಟರ್ ಕೂಡ ಅವನದೇ. ಅವತ್ತು ಕೆಳಗೆ ಬಿದ್ದ ಷಟರನ್ನು ಅವನು ಮತ್ತೆ ಎತ್ತಿರಲಿಲ್ಲ.

"ಬೆರಳಿಗೆ ಸೂಕ್ಷ್ಮದ ಕೆಲಸ ಕೊಡಿ ಅಂದ್ರು ಡಾಕ್ಟ್ರು. ಬಟ್ಟೆ ಮುಟ್ಟೋಕೆ ಭಯ. ಜನ ಆಸೆಪಟ್ಟು ತಂದ ಬಟ್ಟೆ ಕೆಡಿಸಿದ್ರೆ? ಇದಾದ್ರೆ ಕೆಟ್ಟರೂ ನಂದೇ," ಎಂದ ಮೊದಲ ದಿನ, ಅಕ್ರಿಲಿಕ್ ತುಂಡಿನ ಮೇಲೆ ಅಂಟಿದ್ದ ಪ್ಲಾಸ್ಟಿಕ್ ಪದರವನ್ನು ಅಂಚಿನಿಂದ ಸುಲಿಯುತ್ತ. "ಒಂದು ತೊಟ್ಟಿ ಸೋರದ ಹಾಗೆ ಅಂಟಿಸಿದ್ರೆ ಅಂಗಡಿ ತೆಗೀತೀನಿ. ಇಲ್ಲಾಂದ್ರೆ ಮಾರಿಬಿಡ್ತೀನಿ. ನನಗೆ ನಾನೇ ಹಾಕಿಕೊಂಡ ಪಂದ್ಯ."

ಈ ಅಂಟಿನ ಕೆಲಸ ನೋಡಲು ಸುಲಭ, ಮಾಡಲು ಕಷ್ಟ. ಎರಡು ತುಂಡುಗಳನ್ನು ನೆಟ್ಟಗೆ ಕೂಡಿಸಿ ಹಿಡಿದು, ಸೂಜಿಮೂತಿಯ ಬಾಟಲಿಯನ್ನು ಸಂದಿಗೆ ತಾಗಿಸಿದರೆ ನೀರಿನಷ್ಟು ತೆಳುವಾದ ಅಂಟು ತಾನೇ ಒಳಗೆ ಓಡುತ್ತದೆ. ಅದು ಹಿಡಿಯುವವರೆಗೆ ಕೈ ಅಲುಗಬಾರದು. ಅಲುಗಿದರೆ ಅಲ್ಲೊಂದು ಗುಳ್ಳೆ, ಗುಳ್ಳೆ ಇದ್ದಲ್ಲಿ ನೀರು.

ಎರಡನೆಯ ತೊಟ್ಟಿಯೂ ಸೋರಿತು. ಪುಟ್ಟಿ ಕೊಟ್ಟ ಮಾತಿನಂತೆ ಮುಟ್ಟಲಿಲ್ಲ. ಅವನ ಹಣೆಯ ಬೆವರು ನೋಡಿದಳು. ತುಟಿ ಕಚ್ಚಿಕೊಂಡು, "ಅಲ್ಲಾಡಬೇಡ ಮಾರಾಯ" ಎಂದು ತನ್ನ ಕೈಗೇ ಬುದ್ಧಿ ಹೇಳುತ್ತಿದ್ದುದನ್ನು ಕೇಳಿದಳು.

ಅಮ್ಮ ಚಹಾ ತಂದಿಟ್ಟಾಗಲೆಲ್ಲ ಮಗಳ ಮುಖವನ್ನೇ ನೋಡುತ್ತಿದ್ದರು. ಫಲಕಗಳ ಮೇಲೆ ಹೆಸರು ತಪ್ಪಾಗಿ ಕೊರೆದದ್ದು ಸಾಲದೆಂಬಂತೆ ಪುಟ್ಟಿ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿಕೊಂಡು ಕುಡಿದಿದ್ದಳು!

ಮೂರನೆಯದನ್ನು ಅಂಟಿಸಿ ಮುಗಿಸಿದ ಸಂಜೆ ಮಾಸ್ಟರ್ ಎದ್ದು ನಿಂತ.

"ಬೆಳಿಗ್ಗೆ ನೀವೇ ನೀರು ಹಾಕಿ ನೋಡಿ. ನನ್ನ ಕೈಲಿ ಆಗಲ್ಲ. ಸಂಜೆ ಬಂದು ಕೇಳ್ತೀನಿ."

ಬೆಳಿಗ್ಗೆ ಪುಟ್ಟಿ ಕೆಳಗೆ ಪೇಪರ್ ಹಾಸಿ ನೀರು ತುಂಬಿದಳು. ಉಸಿರು ಬಿಗಿಹಿಡಿದು ಕಾದಳು. ಮೂರು ಮೂಲೆ ಒಣಗಿಯೇ ಇದ್ದವು.

ನಾಲ್ಕನೆಯದರ ಕೆಳಗೆ ಪೇಪರ್ ಮೆಲ್ಲಗೆ ಕಪ್ಪಾಯಿತು.

'ಅಯ್ಯೋ ದೇವರೇ... ಇಷ್ಟೇ ಇಷ್ಟು! ಒಂದೇ ಒಂದು ಗುಳ್ಳೆ!'

ಅಂಗಡಿ ಮಾರಿಬಿಡ್ತೀನಿ ಎಂದಿದ್ದ ದನಿ ಕಿವಿಯಲ್ಲಿ ಕೇಳಿತು. ಪುಟ್ಟಿ ನೀರು ಚೆಲ್ಲಿದಳು. ಮೂಲೆಯನ್ನು ಒರೆಸಿ, ಫ್ಯಾನಿನ ಕೆಳಗಿಟ್ಟು ಒಣಗಿಸಿ, ಸಂದಿಗೆ ತಾನೇ ಅಂಟು ಬಿಟ್ಟಳು. ಅವಳ ಕೈ ಅಲುಗಲಿಲ್ಲ.

ಸಂಜೆ ಅವನು ಬಾಗಿಲಲ್ಲೇ ನಿಂತು ಕೇಳಿದ. "ಏನಾಯ್ತು?"

ಮೇಜಿನ ಮೇಲೆ ತೊಟ್ಟಿ ತುಂಬಿ ನಿಂತಿತ್ತು.

"ಒಂದು ಹನಿಯೂ ಸೋರಲಿಲ್ಲ," ಎಂದಳು ಪುಟ್ಟಿ.

ಅವನು ತೊಟ್ಟಿಯ ಸುತ್ತ ಬೆರಳಾಡಿಸಿ ಮುಟ್ಟಿ ನೋಡಿದ. ಕೆಳಗಿನ ಪೇಪರ್ ಎತ್ತಿ ಕೆನ್ನೆಗೆ ಒತ್ತಿಕೊಂಡ. ಒಣಗಿತ್ತು. ಚಿಕ್ಕ ಹುಡುಗನಂತೆ ನಕ್ಕ. ನಗುತ್ತಲೇ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

* * *

ಷಟರ್ ಮೇಲೆದ್ದಿತು. ಹಳೇ ಗಿರಾಕಿಗಳು ಒಬ್ಬೊಬ್ಬರಾಗಿ ಬಂದರು. ಮಾಸ್ಟರ್ ಮಾತ್ರ ಪ್ರತಿ ಸಂಜೆ ಪುಟ್ಟಿಯ ಕಾರ್ಖಾನೆಗೆ ಹಾಜರ್. ಒಂದು ದಿನ ಆ ತೊಟ್ಟಿಯಲ್ಲಿ ತಂದು ಬಿಟ್ಟಿದ್ದ ಮೀನಿಗೆ ಎಷ್ಟು ಆಹಾರ ಹಾಕಬೇಕು ಎಂದು ಕೇಳಲು, ಇನ್ನೊಂದು ದಿನ ಮೀನು ಯಾಕೋ ಮಂಕಾಗಿದೆ ಎಂದು ಹೇಳಲು. ಪಾಪ, ಆ ಮೀನು ಹಾಯಾಗಿಯೇ ಇತ್ತು. ಮಂಕಾಗಿದ್ದವರು ಬೇರೆ.

ಒಂದು ಸಂಜೆ ಅವನು ಕಾಗದದಲ್ಲಿ ಸುತ್ತಿದ್ದ ಏನನ್ನೋ ಮುಂದಿಟ್ಟ. ಬಿಚ್ಚಿದರೆ, ಕೆಲಸ ಮಾಡುವಾಗ ಕಟ್ಟಿಕೊಳ್ಳುವ ಏಪ್ರನ್. ಅಂಟಿನ ಬಾಟಲಿಗೆಂದೇ ಒಂದು ಪುಟ್ಟ ಜೇಬು.

"ನನಗೆ ಮಾತು ಬರಲ್ಲ," ಎಂದ. "ಆ ತೊಟ್ಟಿ ಸೋರದೇ ಇದ್ದಿದ್ದಕ್ಕೆ ಅಂಗಡಿ ತೆಗೆಯೋ ಧೈರ್ಯ ಬಂತು. ಅದೇ ಧೈರ್ಯದಲ್ಲಿ ಇದನ್ನೂ ಕೇಳ್ತಾ ಇದ್ದೀನಿ. ನನ್ನ... ನನ್ನ ಮದುವೆ ಆಗ್ತೀರಾ?"

ಈ ಮಾತಿಗಾಗಿ ಎಷ್ಟು ದಿನದಿಂದ ಕಾದಿದ್ದಳು ಅವಳು! ಆದರೆ 'ಹೂಂ' ಅನ್ನಲು ಹೊರಟವಳಿಗೆ ಅವನ ಮಾತೇ ಅಡ್ಡ ಬಂತು. 'ಆ ತೊಟ್ಟಿ ಸೋರದೇ ಇದ್ದಿದ್ದಕ್ಕೆ...' ಸುಳ್ಳಿನ ಮೇಲೆ ಹೂಂ ಅನ್ನಲೇ? ಜೀವನಪೂರ್ತಿ ಈ ಮುಖ ನೋಡಿಕೊಂಡು?

"ಸೋರಿತ್ತು," ಎಂದಳು.

"ಏನು?"

"ಬೆಳಿಗ್ಗೆ ಸೋರಿತ್ತು. ಒಂದು ಮೂಲೆ. ನಾನೇ ಅಂಟು ಬಿಟ್ಟೆ. ನಿಮಗೆ ಹೇಳಲಿಲ್ಲ."

ಅವನ ಮುಖದ ಬಣ್ಣ ಇಳಿಯಿತು. ಎಡಗೈ ತಾನಾಗಿ ಜೇಬಿಗೆ ಹೋಯಿತು.

"ಕರುಣೆನಾ?" ಎಂದ. ಉತ್ತರಕ್ಕೂ ಕಾಯದೆ ಹೊರಟೇಹೋದ.

ಅವನು ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪುಟ್ಟಿ ಏಪ್ರನ್ನನ್ನು ಮಡಿಚುವುದು, ಬಿಚ್ಚುವುದು, ಮತ್ತೆ ಮಡಿಚುವುದು.

ಅಮ್ಮ ತಡೆಯಲಾರದೆ ಹೇಳಿದರು. "ಅಲ್ಲ ಕಣೇ, ಅವರಿಗೆ ಹೇಳಬೇಕಾದ್ದು ಎರಡಿತ್ತು. ಅರ್ಧ ಹೇಳಿ ಕೂತಿದ್ದೀಯ."

"ಇನ್ನೇನಮ್ಮಾ ಹೇಳೋದಿದೆ?"

"ಯಾಕೆ ಅಂಟಿಸಿದೆ ಅಂತ. ಕರುಣೆ ಅಂದ್ಕೊಂಡೇ ಇರ್ತಾರೆ ಪಾಪ. ಎದ್ದು ಹೋಗು!"

ಪುಟ್ಟಿ ಚಪ್ಪಲಿ ಹಾಕಿಕೊಂಡವಳೇ ಓಡಿದಳು.

* * *

ಷಟರ್ ಅರ್ಧಕ್ಕೆ ಇಳಿದಿತ್ತು. ಅಂಗಡಿ ಮಾರಿಬಿಟ್ಟರೇ...? ಬಗ್ಗಿ ಒಳಗೆ ನುಗ್ಗಿದಳು.

ಒಳಗೆ ದೀಪ ಉರಿಯುತ್ತಿತ್ತು. ಮೇಜಿನ ತುಂಬ ಸಿದ್ಧವಾದ ಬಟ್ಟೆಗಳು ಹರಡಿದ್ದವು. ನಡುವೆ ಮಾಸ್ಟರ್, ಗಡ್ಡ ಬಿಟ್ಟುಕೊಂಡು.

"ಕರುಣೆ ಅಲ್ಲ!" ಎಂದಳು ಒಂದೇ ಉಸಿರಿಗೆ. "ಕರುಣೆ ಆಗಿದ್ರೆ ಎರಡನೇದನ್ನೂ ಅಂಟಿಸ್ತಿದ್ದೆ. ಮೂರನೇದರ ಹೊತ್ತಿಗೆ ನಿಮ್ಮ ಮುಖ ಸಪ್ಪಗಾದ್ರೆ ನನಗೆ ಊಟ ಸೇರ್ತಿರಲಿಲ್ಲ. ನೀವು ಅಂಗಡಿ ಮಾರಿ ಎಲ್ಲೋ ಹೊರಟುಹೋದ್ರೆ ನಾನೇನು ಮಾಡಲಿ ಅಂತ ಭಯ ಆಯ್ತು. ನನಗೋಸ್ಕರ ಅಂಟಿಸಿದೆ. ನೀವಂದ್ರೆ ನನಗೆ... ಇಷ್ಟ. ತುಂಬಾ."

ಅವನು ಬಟ್ಟೆಗಳತ್ತ ಕೈ ತೋರಿಸಿದ.

"ಅವತ್ತು ನಿಮ್ಮಲ್ಲಿಂದ ಬಂದು, ಹೊಲಿದು ಗಿರಾಕಿಗಳಿಗೆ ಇನ್ನೂ ಕೊಡದೆ ಉಳಿದಿದ್ದನ್ನೆಲ್ಲ ತೆಗೆದು ಹರಡಿದೆ. ಎಲ್ಲಾ ಸೊಟ್ಟ ಕಂಡ್ವು. ಮಾರನೇ ದಿನ ಟೇಪ್ ಹಿಡಿದು ನೋಡಿದೆ. ನೆಟ್ಟಗೇ ಇದ್ವು. ತೊಟ್ಟಿ ಸೋರಿದ್ರೂ ಕೈ ಕೆಲಸ ಮಾಡಿತ್ತು."

"ಮತ್ತೆ ಯಾಕೆ ಬರಲಿಲ್ಲ?"

"ಸಿಟ್ಟು. ನಿಮ್ಮ ಸುಳ್ಳಿಂದ ನನಗೆ ಒಳ್ಳೇದೇ ಆಯ್ತು ನೋಡಿ, ಅದಕ್ಕೇ ಇನ್ನೂ ಸಿಟ್ಟು." ಅವನ ದನಿ ಮೆತ್ತಗಾಯಿತು. "ಇನ್ನು ಮುಂದೆ ನೀವು ಚೆನ್ನಾಗಿದೆ ಅಂದಾಗಲೆಲ್ಲ, ನಿಜಕ್ಕೂ ಚೆನ್ನಾಗಿದ್ಯೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ಅಂತ ಯೋಚಿಸ್ತಾ ಕೂರಬೇಕಲ್ಲ. ಹಾಗೆ ಬದುಕೋಕೆ ಆಗಲ್ಲ ನನಗೆ."

ಪುಟ್ಟಿಯ ಕಣ್ಣುಗಳು ತುಂಬಿಕೊಂಡವು.

ಅವನು ಹ್ಯಾಂಗರಿನಿಂದ ಒಂದು ಕಪ್ಪು ಕೋಟು ತೆಗೆದು ಬೆಳಕಿಗೆ ಹಿಡಿದ. "ಇದು ನಿನ್ನೆ ಮುಗಿಸಿದ್ದು. ಹೇಗಿದೆ ಹೇಳಿ."

ಪುಟ್ಟಿ ಹತ್ತಿರ ಹೋದಳು. ಚೆನ್ನಾಗಿದೆ ಅಂದುಬಿಟ್ಟರೆ ಅವನು ನಗಬಹುದಿತ್ತು. ಆ ನಗು ನೋಡಲು ಅವಳ ಜೀವ ಎಷ್ಟು ಹಾತೊರೆಯುತ್ತಿತ್ತೋ! ಕೋಟನ್ನು ತಿರುಗಿಸಿ ನೋಡಿದಳು. ಇನ್ನೊಮ್ಮೆ ನೋಡಿದಳು.

"ಎಡಗಡೆ ಭುಜ ಎಳೀತಾ ಇದೆ," ಎಂದಳು. "ಹೊಲಿಗೆ ಬಿಚ್ಚಬೇಕು."

ಮಾಸ್ಟರ್ ಮೊದಲು ತುಟಿಯಂಚಿನಲ್ಲಿ ನಕ್ಕ. ಆಮೇಲೆ ಜೋರಾಗಿ ನಕ್ಕ. ನಗುತ್ತ ನಗುತ್ತ ಸ್ಟೂಲಿನ ಮೇಲೆ ಕುಸಿದು ಕೂತ. "ಎಳೀತಾ ಇದೆ! ನಿನ್ನೆಯಿಂದ ನಾನೂ ಅದನ್ನೇ ನೋಡ್ತಾ ಕೂತಿದ್ದೀನಿ!"

ಪುಟ್ಟಿ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ಅವನು ಎದ್ದು ಬಂದು ಕೋಟನ್ನು ಮೇಜಿನ ಮೇಲೆ ಹಾಸಿದ. ಹೊಲಿಗೆ ಬಿಚ್ಚಲು ಬ್ಲೇಡ್ ಎತ್ತಿಕೊಂಡ. ಎಡಗೈಯಿಂದ ಬಟ್ಟೆ ಹಿಡಿಯಲು ಹೋಗಿ, ತಡೆದು, ಅವಳತ್ತ ನೋಡಿದ. ಕೇಳುವುದು ಅವನಿಗೆ ಸುಲಭವಾಗಿರಲಿಲ್ಲ. ಕೇಳಿದ.

"ಈ ತುದಿ ಸ್ವಲ್ಪ ಹಿಡ್ಕೊಳ್ತೀಯಾ?"

ಹಿಡ್ಕೊಳ್ತೀರಾ ಅನ್ನಲಿಲ್ಲ ಅವನು! ಪುಟ್ಟಿಯ ಕಿವಿಯವರೆಗೂ ಬಿಸಿ ಏರಿತು. ಅವನ ನಡುಗುವ ಬೆರಳುಗಳ ಪಕ್ಕದಲ್ಲೇ ತನ್ನ ಬೆರಳುಗಳನ್ನಿಟ್ಟು ಬಟ್ಟೆಯನ್ನು ಬಿಗಿಯಾಗಿ ಹಿಡಿದಳು.

"ಎಷ್ಟು ಹೊತ್ತು ಹಿಡೀಬೇಕು?"

"ಕೈ ನೋಯೋವರೆಗೂ."

"ನೋವಾದ್ರೆ ಹೇಳ್ತೀನಿ," ಎಂದಳು ಪುಟ್ಟಿ. "ಆದ್ರೆ ಬಿಡಲ್ಲ."